ಬೆಂದು ಬರಡಾದ ನೆಲದಲ್ಲಿ ಜೋಳ: 'ಜಾಯಿ' ಗುಣಿ ತೋಡುವ ಬಗೆ

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಉತ್ತರಕ್ಕೆ ಯಾತೆಂಗಾ ಸೀಮೆಯಿದೆ. ಅಲ್ಲಿ ಮಳೆಗಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್ ಅಷ್ಟೇ. ಬಿದ್ದ ಮಳೆಯೂ ಒಳಗಿಳಿಯುವುದಿಲ್ಲ. ಮೇಲ್ಮಣ್ಣು ಕೊಚ್ಚಿಹೋಗಿ ನೆಲ ಚಕ್ಕೆಗಟ್ಟಿರುತ್ತದೆ, ನೀರು ಹಾಗೇ ಜಾರಿಹೋಗುತ್ತದೆ. ಇಂಥ ನೆಲವನ್ನು ಮತ್ತೆ ಉಳುಮೆಗೆ ತಂದದ್ದು 'ಜಾಯಿ' ಎಂಬ ಗುಣಿ. ಇದು ಹಳೆಯ ಪದ್ಧತಿ. 1980ರ ಆಸುಪಾಸಿನ ಬರದಲ್ಲಿ ರೈತ ಯಾಕೂಬಾ ಸವಾಡೊಗೊ ಗುಣಿಯನ್ನು ದೊಡ್ಡದು ಮಾಡಿ, ಅದಕ್ಕೆ ಗೊಬ್ಬರ ಹಾಕಿ ಹೊಸ ಜೀವ ಕೊಟ್ಟರು. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಮೊದಲು ನೆಲ ನೋಡಿಕೊಳ್ಳಬೇಕು. ಗಟ್ಟಿ ಮಣ್ಣಾದರೆ ಸರಿ. ಮರಳು ನೆಲದಲ್ಲಿ ಗುಣಿಯ ಅಂಚು ಕುಸಿಯುತ್ತದೆ, ತಗ್ಗಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ.

ಇಳಿಜಾರಿದ್ದರೆ ಅಡ್ಡಲಾಗಿ ಕಲ್ಲಿನ ಸಾಲು ಕಟ್ಟುತ್ತಾರೆ. ಕಣ್ಣಂದಾಜು ಇಲ್ಲಿ ನಡೆಯದು. ನೀರು ತುಂಬಿದ ಪಾರದರ್ಶಕ ಪೈಪಿನ ಎರಡು ತುದಿಯಲ್ಲೂ ನೀರು ಒಂದೇ ಎತ್ತರದಲ್ಲಿ ನಿಂತ ಕಡೆ ಗುರುತು ಹಾಕಿ, ಆ ಗೆರೆಯಲ್ಲೇ ಕಲ್ಲು ಜೋಡಿಸಬೇಕು. ಕಲ್ಲು ನೀರನ್ನು ತಡೆದು ನಿಲ್ಲಿಸುವುದಿಲ್ಲ, ಓಟ ತಗ್ಗಿಸುತ್ತದೆ. ಸಂದಿಯಲ್ಲಿ ಹೂಳು ಉಳಿಯುತ್ತದೆ.

ಇನ್ನು ತೋಡುವ ಕೆಲಸ. ಇದು ಬೇಸಿಗೆಯಲ್ಲೇ ಆಗಬೇಕು, ಮಳೆ ಬಂದ ಮೇಲೆ ಗುದ್ದಲಿ ಹಿಡಿದರೆ ಹಂಗಾಮು ತಪ್ಪಿದಂತೆ. ಗುಣಿಯ ಅಗಲ 20ರಿಂದ 40 ಸೆಂ.ಮೀ., ಆಳ 10ರಿಂದ 20 ಸೆಂ.ಮೀ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 80 ಸೆಂ.ಮೀ.ನಿಂದ 1 ಮೀಟರ್ ಬಿಟ್ಟರೆ ಹೆಕ್ಟೇರಿಗೆ 10ರಿಂದ 15 ಸಾವಿರ ಗುಣಿ ಆಗುತ್ತವೆ. ನಿಜಕ್ಕೂ ಮೈಮುರಿಯುವ ದುಡಿಮೆ, ಒಬ್ಬಂಟಿ ಕುಟುಂಬಕ್ಕೆ ಒಂದೇ ವರ್ಷದಲ್ಲಿ ಇಡೀ ಹೊಲ ಕಷ್ಟ. ಹಾಗಾಗಿ ಸ್ವಲ್ಪ ಸ್ವಲ್ಪವಾಗಿ ಮುಂದುವರಿಯುವುದೇ ಜಾಣತನ. ತೆಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದಂತೆ ಒಡ್ಡಬೇಕು, ಮೇಲಿಂದ ಬರುವ ನೀರು ಗುಣಿಗೇ ಬೀಳಲಿ.

ಗುಣಿಗೊಂದೆರಡು ಬೊಗಸೆ ಕೊಟ್ಟಿಗೆ ಗೊಬ್ಬರ ಹಾಕಿ ತೆಳುವಾಗಿ ಮಣ್ಣು ಮುಚ್ಚಿ. ನನಗೆ ಅತಿ ಸೋಜಿಗವೆನಿಸುವುದು ಈ ಹಂತ. ಗೊಬ್ಬರದ ವಾಸನೆಗೆ ಗೆದ್ದಲು ಬರುತ್ತದೆ, ಬಂದದ್ದು ನೆಲದೊಳಗೆ ಸುರಂಗ ಕೊರೆಯುತ್ತದೆ. ಮಳೆ ಬಿದ್ದಾಗ ನೀರು ಅದೇ ದಾರಿ ಹಿಡಿದು ಆಳಕ್ಕಿಳಿಯುತ್ತದೆ. ರೈತ ಶತ್ರುವೆನ್ನುವ ಹುಳು ಇಲ್ಲಿ ನೇಗಿಲಿನ ಕೆಲಸ ಮಾಡುತ್ತದೆ!

ಮೊದಲ ಹದಮಳೆಗೆ ಜೋಳ ಇಲ್ಲವೇ ಸಜ್ಜೆಯ ಬೀಜ ಊರಿದರಾಯಿತು. ನಡುವೆ ಮಳೆ ಕೈಕೊಟ್ಟರೂ ಗುಣಿಯ ತೇವ ಕೆಲದಿನ ಪೈರನ್ನು ಕಾಯುತ್ತದೆ. ಮರುವರ್ಷ ಅದೇ ಗುಣಿ ಬಳಸಬಹುದು, ಇಲ್ಲವೇ ನಡುವಿನ ಜಾಗದಲ್ಲಿ ಹೊಸದು ತೋಡಬಹುದು.

ಸಗಣಿಯೊಡನೆ ಬಂದ ಕಾಡುಮರಗಳ ಬೀಜವೂ ಗುಣಿಯಲ್ಲಿ ಮೊಳೆಯುತ್ತದೆ. ಅದನ್ನು ಕಳೆಯೆಂದು ಕೀಳಬೇಡಿ. ಸವಾಡೊಗೊ ಅಂಥ ಸಸಿಗಳನ್ನು ಉಳಿಸಿಕೊಂಡೇ ಬರಡಿನಲ್ಲಿ ಕಾಡು ಬೆಳೆಸಿದರು. ಕೊಯ್ಲಿನಲ್ಲಿ ದಂಟನ್ನು ಬುಡಕ್ಕೆ ಕೊಯ್ಯದೆ ಮಂಡಿಯೆತ್ತರ ಬಿಟ್ಟರೆ ದನ, ಮೇಕೆಗಳ ಬಾಯಿಂದ ಸಸಿಗೆ ಅದೇ ಬೇಲಿ.