ಲಕ್ಷ ಕಿಲೋಮೀಟರ್ ದಾಟಿದ ಕಾರಿಗೆ ಯಾವ ಇಂಜಿನ್ ಆಯಿಲ್?

ಕಾರು ಲಕ್ಷ ಕಿಲೋಮೀಟರ್ ದಾಟಿತೆಂದರೆ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು, "ಗಾಡಿ ಹಳೆಯದಾಯಿತು, ಇನ್ನು ದಪ್ಪ ಆಯಿಲ್ ಹಾಕಿಸಿ" ಎಂಬುದು. ಈ ಸಲಹೆ ಕೆಲವು ಇಂಜಿನ್ನುಗಳಿಗೆ ಹೊಂದುತ್ತದೆ, ಕೆಲವಕ್ಕೆ ಕೇಡನ್ನೇ ಮಾಡುತ್ತದೆ. ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ 2 ಲಕ್ಷ ಕಿ.ಮೀ. ಓಡಿದ ಇಂಜಿನ್ನು, ಸಿಲ್ಕ್ ಬೋರ್ಡ್ ಕಡೆಯ ದಟ್ಟಣೆಯಲ್ಲಿ 80 ಸಾವಿರ ಓಡಿದ ಇಂಜಿನ್ನಿಗಿಂತ ಒಳಗೆ ಗಟ್ಟಿಮುಟ್ಟಾಗಿರುವುದು ಅಪರೂಪವೇನಲ್ಲ. ಆದ್ದರಿಂದ ಆಯಿಲ್ ಬದಲಿಸುವ ಮೊದಲು ನೋಡಬೇಕಾದದ್ದು ಓಡೋಮೀಟರಿನ ಅಂಕಿಯನ್ನಲ್ಲ, ಇಂಜಿನ್ನಿನ ಸ್ಥಿತಿಯನ್ನು.

ಮೊದಲ ಹೆಜ್ಜೆಯಾಗಿ ಕಾರಿನ ಜೊತೆ ಬಂದ ಮಾಲೀಕರ ಕೈಪಿಡಿಯನ್ನು ತೆರೆಯಿರಿ. ಕಳೆದುಹೋಗಿದ್ದರೆ ಹಲವು ತಯಾರಕರ ಜಾಲತಾಣಗಳಲ್ಲಿ ಅದರ ಪ್ರತಿ ಸಿಗುತ್ತದೆ. ಹಳೆಯ ಕೈಪಿಡಿಗಳಲ್ಲಿ ಒಂದೇ ದರ್ಜೆಯ ಬದಲು ಹೊರಗಿನ ತಾಪಮಾನಕ್ಕೆ ತಕ್ಕಂತೆ ಎರಡು ಮೂರು ದರ್ಜೆಗಳನ್ನು ಪಟ್ಟಿ ಮಾಡಿರುವುದುಂಟು. 20ಡಬ್ಲ್ಯೂ-40 ಎಂಬಂಥ ಬರಹದಲ್ಲಿ ಮೊದಲ ಸಂಖ್ಯೆ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆಂಬುದನ್ನೂ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ (ದಪ್ಪ) ಎಷ್ಟು ಉಳಿದಿರುತ್ತದೆಂಬುದನ್ನೂ ಸೂಚಿಸುತ್ತದೆ. ಸ್ಟಾರ್ಟ್ ಮಾಡುವ ಪರೀಕ್ಷೆಯನ್ನು 20ಡಬ್ಲ್ಯೂ ಆಯಿಲ್‌ಗೆ ಮೈನಸ್ 15 ಡಿಗ್ರಿಯಲ್ಲೂ 5ಡಬ್ಲ್ಯೂಗೆ ಮೈನಸ್ 30ರಲ್ಲೂ ನಡೆಸುತ್ತಾರೆ. ಮಡಿಕೇರಿಯ ಚಳಿಗಾಲವೂ ಈ ಅಂಕಿಗಳ ಹತ್ತಿರ ಸುಳಿಯದು. ಹಾಗಾಗಿ ನಮ್ಮಲ್ಲಿ ಯಾವ ಆಯಿಲೂ ಹೆಪ್ಪುಗಟ್ಟುವುದಿಲ್ಲ. ಆದರೂ ಮುಂಜಾನೆಯ ಮೊದಲ ಸ್ಟಾರ್ಟಿನಲ್ಲಿ 5ಡಬ್ಲ್ಯೂ ಆಯಿಲ್ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನವರೆಗೆ ಬೇಗ ತಲುಪುತ್ತದೆ, ಮತ್ತು ಇಂಜಿನ್ನಿನ ಸವೆತದ ದೊಡ್ಡ ಪಾಲು ಆಗುವುದು ಇಂಥ ತಣ್ಣಗಿನ ಸ್ಟಾರ್ಟುಗಳಲ್ಲೇ.

ಎರಡನೆಯದಾಗಿ, ಕಾರು ಎಷ್ಟು ಆಯಿಲ್ ತಿನ್ನುತ್ತಿದೆ ಎಂಬುದನ್ನು ಊಹಿಸದೆ ಅಳೆಯಬೇಕು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ಕನ್ನು ಒಮ್ಮೆ ಒರೆಸಿ ಮತ್ತೆ ಅದ್ದಿ ನೋಡಿ. ಮೇಲಿನ ಗುರುತಿನವರೆಗೆ ತುಂಬಿಸಿ, ಕಿಲೋಮೀಟರನ್ನು ಬರೆದಿಟ್ಟುಕೊಂಡು, ಸಾವಿರ ಕಿ.ಮೀ. ಓಡಿದ ಬಳಿಕ ಮತ್ತೆ ಅದೇ ಗುರುತಿಗೆ ತರಲು ಎಷ್ಟು ಮಿಲಿಲೀಟರ್ ಬೇಕಾಯಿತೆಂದು ಅಳತೆಯ ಲೋಟದಲ್ಲಿ ಹಾಕಿಯೇ ತಿಳಿಯಿರಿ. ನನ್ನ ಲೆಕ್ಕದಲ್ಲಿ ಸಾವಿರ ಕಿ.ಮೀ.ಗೆ 100–200 ಮಿ.ಲೀ. ಇಳಿದರೆ ಹಳೆಯ ಇಂಜಿನ್ನಿಗೆ ಅದು ಚಿಂತೆಯ ಮಾತಲ್ಲ. ಅರ್ಧ ಲೀಟರ್ ದಾಟಿದರೆ ಆಯಿಲ್ ಡಬ್ಬಿಯ ಮೇಲಿನ ಅಂಕಿ ಬದಲಿಸಿ ಪ್ರಯೋಜನವಿಲ್ಲ, ಇಂಜಿನ್ನನ್ನೇ ನೋಡಬೇಕು.

ಆಯಿಲ್ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಹೊಗೆ ಹೇಳುತ್ತದೆ. ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಆದಾಗ ಒಂದು ಗುಕ್ಕು ನೀಲಿ ಹೊಗೆ ಬಂದು ನಿಂತರೆ, ವಾಲ್ವ್ ಸೀಲುಗಳು ಗಟ್ಟಿಯಾಗಿವೆ ಎಂದು ಅನುಮಾನಿಸಬಹುದು. ಘಾಟಿ ಹತ್ತುವಾಗ ಎಡೆಬಿಡದೆ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗು ಅಥವಾ ಬೋರ್ ಸವೆದಿರುವ ಸಾಧ್ಯತೆ ಹೆಚ್ಚು. ಹೊಗೆಯೇ ಇಲ್ಲದೆ, ಕಾರು ನಿಂತ ಜಾಗದಲ್ಲಿ ಕಲೆ ಕಾಣಿಸಿದರೆ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ಟಿನಿಂದ ಕ್ರ್ಯಾಂಕ್ ಸೀಲಿನವರೆಗೆ ಹುಡುಕಬೇಕು. ಇವೆಲ್ಲಕ್ಕೂ ಮೊದಲು ಇಂಜಿನ್ನಿನ ಒಳಗೆ ಸೇರುವ ಅನಿಲಕ್ಕೆ ದಾರಿ ಕೊಡುವ ಪಿಸಿವಿ ವಾಲ್ವನ್ನು ಪರೀಕ್ಷಿಸಿ: ಅಗ್ಗದ ಈ ಚಿಕ್ಕ ಭಾಗ ಕಟ್ಟಿಕೊಂಡರೆ ಇಂಜಿನ್ನಿನ ಒಳಗೆ ಒತ್ತಡ ಏರಿ, ಆರೋಗ್ಯವಾಗಿರುವ ಸೀಲುಗಳಿಂದಲೂ ಆಯಿಲ್ ಹೊರಬರುತ್ತದೆ. ಇದನ್ನು ನೋಡದೆಯೇ ಇಂಜಿನ್ ಬಿಚ್ಚಿಸುವವರಿದ್ದಾರೆ.

ಅಳತೆಯಲ್ಲಿ ಆಯಿಲ್ ಇಳಿಯುತ್ತಿಲ್ಲವೆಂದಾದರೆ, ಕಾರು ಒಂದೂವರೆ ಲಕ್ಷ ಓಡಿದ್ದರೂ ಕೈಪಿಡಿಯ ದರ್ಜೆಯನ್ನು ಬದಲಿಸಲು ಯಾವ ಕಾರಣವೂ ಇಲ್ಲ. ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತಿದ್ದರೆ ಮೊದಲು ದರ್ಜೆಯನ್ನು ಹಾಗೆಯೇ ಉಳಿಸಿಕೊಂಡು ಆಯಿಲಿನ ಜಾತಿಯನ್ನು, ಅಂದರೆ ಕಚ್ಚಾ ತೈಲವನ್ನು ಶುದ್ಧೀಕರಿಸಿ ಪಡೆದ ಮಿನರಲ್ ಬದಲು ರಾಸಾಯನಿಕವಾಗಿ ತಯಾರಿಸಿದ ಸಿಂಥೆಟಿಕ್ ಎಂದು, ಬದಲಿಸಿ ನೋಡಿ. ಆಯಿಲ್ ಸುಟ್ಟಷ್ಟೇ ಅಲ್ಲ, ಆವಿಯಾಗಿಯೂ ಕಡಿಮೆಯಾಗುತ್ತದೆ. ಇದನ್ನು ಅಳೆಯುವ ನೋಆಕ್ ಪರೀಕ್ಷೆಯಲ್ಲಿ 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದಾಗ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ (ಎಪಿಐ) ಎಸ್‌ಎನ್ ಗುಣಮಟ್ಟದ 5ಡಬ್ಲ್ಯೂ-30 ಆಯಿಲ್ ಶೇ. 15ರವರೆಗೆ ತೂಕ ಕಳೆದುಕೊಳ್ಳಬಹುದು. ಯುರೋಪಿನ ವಾಹನ ತಯಾರಕರ ಸಂಘವಾದ ಎಸಿಇಎಯ ಎ3/ಬಿ4 ಮಾನದಂಡ ಶೇ. 13ಕ್ಕಿಂತ ಹೆಚ್ಚನ್ನು ಒಪ್ಪುವುದಿಲ್ಲ. ಒಳ್ಳೆಯ ಸಿಂಥೆಟಿಕ್ ಆಯಿಲ್‌ಗಳಲ್ಲಿ ಈ ನಷ್ಟ ಇನ್ನೂ ಕಡಿಮೆ ಇರುತ್ತದೆ. ಆದ್ದರಿಂದ ಅದೇ 5ಡಬ್ಲ್ಯೂ-30 ದರ್ಜೆಯಲ್ಲಿ ಮಿನರಲ್ ಆಯಿಲ್ ಬಿಟ್ಟು ಸಿಂಥೆಟಿಕ್ ಹಾಕಿದ ಮಾತ್ರಕ್ಕೆ ಬಳಕೆ ತಗ್ಗುವುದುಂಟು.

ಅದರಿಂದಲೂ ಸಾಲದಿದ್ದರೆ, ಕೈಪಿಡಿ ಅನುಮತಿಸುವ ಮಿತಿಯಲ್ಲಿ, ಎರಡನೆಯ ಸಂಖ್ಯೆಯನ್ನು ಮಾತ್ರ ಒಂದು ಮೆಟ್ಟಿಲು ಏರಿಸಿ: 5ಡಬ್ಲ್ಯೂ-30 ಇದ್ದಲ್ಲಿ 5ಡಬ್ಲ್ಯೂ-40, 10ಡಬ್ಲ್ಯೂ-30 ಇದ್ದಲ್ಲಿ 10ಡಬ್ಲ್ಯೂ-40. ಸಾಮಾನ್ಯವಾಗಿ ನಡೆಯುವುದು ಇದಲ್ಲ. 5ಡಬ್ಲ್ಯೂ-30 ತೆಗೆದು ನೇರವಾಗಿ 20ಡಬ್ಲ್ಯೂ-50 ಸುರಿಯುತ್ತಾರೆ. ಹಾಗೆ ಮಾಡಿದಾಗ ಬಿಸಿ ಇಂಜಿನ್ನಿನಲ್ಲಿ ಎರಡು ಮೆಟ್ಟಿಲು ಏರಿದಂತಾಗುತ್ತದೆ, ಜೊತೆಗೆ ತಣ್ಣಗಿನ ಸ್ಟಾರ್ಟಿನ ಅನುಕೂಲವೂ ಹೋಗುತ್ತದೆ. 100 ಡಿಗ್ರಿಯಲ್ಲಿ 30ರ ದರ್ಜೆ 9.3ರಿಂದ 12.5 ಸೆಂಟಿಸ್ಟೋಕ್ (ಸ್ನಿಗ್ಧತೆಯ ಅಳತೆ), 40ರ ದರ್ಜೆ 12.5ರಿಂದ 16.3, 50ರದು 16.3ರಿಂದ 21.9. ಒಂದು ಕಂಪನಿಯ 30 ದರ್ಜೆಯ ಆಯಿಲ್ 12ರ ಆಸುಪಾಸಿನಲ್ಲಿದ್ದರೆ ಇನ್ನೊಂದರದು 10 ಇರಬಹುದು. ಕಂಪನಿಗಳ ಉತ್ಪನ್ನ ಮಾಹಿತಿ ಪತ್ರದಲ್ಲಿ ಇದನ್ನು ನೋಡಿ, ದರ್ಜೆ ಬದಲಿಸದೆಯೇ ತುಸು ದಪ್ಪದ್ದನ್ನು ಆರಿಸಿಕೊಳ್ಳಬಹುದು.

ದಪ್ಪ ಆಯಿಲ್ ಎಲ್ಲಿ ಸಲ್ಲದು? ಮಾರುತಿಯ ಕೆ-ಸರಣಿಯ ವಿವಿಟಿ (ವಾಲ್ವ್ ತೆರೆಯುವ ಸಮಯವನ್ನು ಬದಲಿಸುವ ವ್ಯವಸ್ಥೆ) ಇರುವ ಇಂಜಿನ್ನುಗಳಲ್ಲಿ ವಾಲ್ವಿನ ಸಮಯ ಹೊಂದಿಸುವ ಕೆಲಸವನ್ನು ಸಣ್ಣ ರಂಧ್ರಗಳ ಮೂಲಕ ಹರಿಯುವ ಆಯಿಲೇ ಮಾಡುತ್ತದೆ. ಸ್ವಿಫ್ಟ್, ಇಂಡಿಕಾ ವಿಸ್ಟಾ, ಪುಂಟೋಗಳಲ್ಲಿ ಬಂದ 1.3 ಲೀಟರ್ ಡೀಸೆಲ್ ಇಂಜಿನ್ನಿನ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವುದೂ ಆಯಿಲಿನ ಒತ್ತಡವೇ, ಅದರ ಟರ್ಬೋ ಬೇರಿಂಗಿಗೆ ತಂಪೂ ಅದೇ. ಇಲ್ಲಿ ತಡವಾಗಿ ತಲುಪುವ ಆಯಿಲ್ ಬೇಡ. ಇದಕ್ಕೆ ತದ್ವಿರುದ್ಧವಾಗಿ ಪ್ರೀಮಿಯರ್ ಪದ್ಮಿನಿ ಅಥವಾ ಹಳೆಯ ಪೆಟ್ರೋಲ್ ಅಂಬಾಸಿಡರಿನಂಥ ಪುಶ್‌ರಾಡ್ (ಉದ್ದನೆಯ ಕಡ್ಡಿಗಳ ಮೂಲಕ ವಾಲ್ವ್ ತೆರೆಯುವ ಹಳೆಯ ಬಗೆಯ) ಇಂಜಿನ್ನುಗಳಿಗೆ 20ಡಬ್ಲ್ಯೂ-50 ಒಪ್ಪುವ ಆಯಿಲ್. ಹೊಗೆಯನ್ನು ಶುಚಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಪಾಡಲೆಂದು ಎಪಿಐ ಎಸ್‌ಎಂ ಬಂದ 2004ರಿಂದೀಚೆಗೆ 5ಡಬ್ಲ್ಯೂ-30ರಂಥ ತೆಳು ದರ್ಜೆಗಳಲ್ಲಿ ರಂಜಕವನ್ನು ಶೇ. 0.08ಕ್ಕೆ ಮಿತಿಗೊಳಿಸಲಾಗಿದೆ; ಈ ಮಿತಿ 20ಡಬ್ಲ್ಯೂ-50ಕ್ಕೆ ಅನ್ವಯಿಸುವುದಿಲ್ಲ. ಹಳೆಯ ಕ್ಯಾಮ್ ಮತ್ತು ಟ್ಯಾಪೆಟ್‌ಗಳು ಸವೆಯದಂತೆ ತಡೆಯುವ ಸತು-ರಂಜಕದ ಅಂಶ ಅದರಲ್ಲಿ ಹೆಚ್ಚಿರಲು ಅವಕಾಶವಿದೆ.

ದರ್ಜೆಯ ನಂತರ ಎಪಿಐ ಅಕ್ಷರಗಳನ್ನು ನೋಡಿ. ಪೆಟ್ರೋಲ್ ಕಾರಿಗೆ ಕೈಪಿಡಿ ಎಸ್‌ಎಲ್ ಕೇಳಿದ್ದರೆ ಅದಕ್ಕಿಂತ ಹೊಸದಾದ 2010ರ ಎಸ್‌ಎನ್ ಅಥವಾ 2020ರ ಎಸ್‌ಪಿ ಧಾರಾಳವಾಗಿ ಹಾಕಬಹುದು. ಡೀಸೆಲ್‌ನಲ್ಲಿ ಎಚ್ಚರ ಬೇಕು: ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಟ್ಯಾಕ್ಸಿಗಳೂ ಈಗ ಲಕ್ಷಗಟ್ಟಲೆ ಓಡಿವೆ, ಅವಕ್ಕೆ ಲಾರಿಗೆ ಹಾಕುವ ಸಿಐ-4 ಆಯಿಲ್ ಹಾಕಿದರೆ ಅದರ ಬೂದಿ ಫಿಲ್ಟರಿನಲ್ಲಿ ಉಳಿದುಬಿಡುತ್ತದೆ.

ಹಳೆಯ ಕಾರಿಗೆ ಸಿಂಥೆಟಿಕ್ ಹಾಕಿದರೆ ಸೋರಲು ತೊಡಗುತ್ತದೆ ಎಂಬ ಭಯದಲ್ಲಿ ಸ್ವಲ್ಪ ಸತ್ಯವಿದೆ. ವರ್ಷಗಟ್ಟಲೆ ಸಕಾಲಕ್ಕೆ ಆಯಿಲ್ ಬದಲಿಸದ ಇಂಜಿನ್ನಿನಲ್ಲಿ ಸೀಲಿನ ಬಿರುಕನ್ನು ಕಪ್ಪು ಜಿಡ್ಡೇ ಮುಚ್ಚಿರುತ್ತದೆ. ಹೊಸ ಆಯಿಲಿನ ಶುಚಿಕಾರಕ ಅಂಶ ಅದನ್ನು ಕರಗಿಸಿದಾಗ ಮೊದಲೇ ಇದ್ದ ಸೋರಿಕೆ ಬಯಲಾಗುತ್ತದೆ. ಇಂಥ ಕಾರಿಗೆ ಇಂಜಿನ್ ಫ್ಲಶ್ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಒಮ್ಮೆಲೇ ಕಳಚಿದ ಜಿಡ್ಡು ಆಯಿಲ್ ಪಂಪಿನ ಜಾಲರಿಯನ್ನು ಕಟ್ಟಬಹುದು. ಎಂದಿನ ದರ್ಜೆಯ ಆಯಿಲನ್ನೇ ಎರಡು ಬಾರಿ, ಮೂರು ಸಾವಿರ ಕಿ.ಮೀ.ಗೊಮ್ಮೆ, ಫಿಲ್ಟರಿನ ಸಮೇತ ಬದಲಿಸುವುದು ಕ್ಷೇಮ.

ಬದಲಾವಣೆಯ ಅಂತರವನ್ನು ಕಿಲೋಮೀಟರಿನಲ್ಲಷ್ಟೇ ಎಣಿಸಬೇಡಿ. ಗಂಟೆಗೆ ಸರಾಸರಿ 15 ಕಿ.ಮೀ. ಸಾಗುವ ನಗರದಲ್ಲಿ 5,000 ಕಿ.ಮೀ. ಓಡಲು ಇಂಜಿನ್ನು ಸುಮಾರು 330 ಗಂಟೆ ದುಡಿಯುತ್ತದೆ. 60ರ ವೇಗದ ಹೆದ್ದಾರಿಯಲ್ಲಿ ಅಷ್ಟೇ ಗಂಟೆಗಳಲ್ಲಿ 20,000 ಕಿ.ಮೀ. ಮುಗಿದಿರುತ್ತದೆ. ನಗರದ ಹಳೆಯ ಕಾರಿಗೆ ಮಿನರಲ್ ಆದರೆ 5,000, ಸಿಂಥೆಟಿಕ್ ಆದರೆ 7,000–8,000 ಕಿ.ಮೀ. ಎಂದು ಇಟ್ಟುಕೊಳ್ಳಿ, ಕಡಿಮೆ ಓಡಿದರೂ ವರ್ಷಕ್ಕೊಮ್ಮೆ ಬದಲಿಸಿ.

ನಕಲಿ ಆಯಿಲಿನ ಹಾವಳಿ ಇರುವುದರಿಂದ ಪೆಟ್ರೋಲ್ ಬಂಕ್ ಅಥವಾ ಅಧಿಕೃತ ಮಾರಾಟಗಾರರಲ್ಲೇ ಕೊಂಡು, ಬಿಲ್ ಪಡೆದು, ಸೀಲನ್ನು ಕಣ್ಣೆದುರೇ ಒಡೆಸಿ. ಖಾಲಿ ಡಬ್ಬಿಯನ್ನು ಗ್ಯಾರೇಜಿನಲ್ಲಿ ಬಿಡುವ ಮುನ್ನ ತೂತು ಮಾಡಿ, ಇಲ್ಲವಾದರೆ ಅದು ಮತ್ತೆ ತುಂಬಿ ಇನ್ನೊಬ್ಬರ ಕೈಸೇರಬಹುದು. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿಸಿ. ಇಂಜಿನ್ನನ್ನು ಒಂದೆರಡು ನಿಮಿಷ ಓಡಿಸಿ, ಆರಿಸಿ, ಆಯಿಲ್ ಕೆಳಗಿಳಿದ ಮೇಲೆ ಡಿಪ್‌ಸ್ಟಿಕ್ ನೋಡಿ. ಮೇಲಿನ ಗುರುತನ್ನು ದಾಟಿದ್ದರೆ ಹೆಚ್ಚುವರಿಯನ್ನು ತೆಗೆಸಲೇಬೇಕು, ಏಕೆಂದರೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಅದನ್ನು ಕಡೆದು ನೊರೆ ಮಾಡುತ್ತದೆ. ಮೊದಲ 500 ಕಿ.ಮೀ. ಆದಮೇಲೆ ಮತ್ತೊಮ್ಮೆ ಮಟ್ಟವನ್ನೂ, ಫಿಲ್ಟರು ಮತ್ತು ಡ್ರೈನ್ ಬೋಲ್ಟಿನ ಸುತ್ತಲಿನ ಒದ್ದೆಯನ್ನೂ ಪರೀಕ್ಷಿಸಿ.