ಫ್ಲೈಟ್ ಎಷ್ಟೊತ್ತಿಗೆ ಇಳಿಯುತ್ತೆ? ಮನೇಲೇ ಲೆಕ್ಕ ಹಾಕೋದು ಹೀಗೆ

ಡಿಸೆಂಬರ್‌ನಲ್ಲಿ ನಮ್ಮತ್ತೆ ಭಾನುವಾರ ಮಧ್ಯಾಹ್ನವೇ ದೇವನಹಳ್ಳಿ ಏರ್‌ಪೋರ್ಟಿಗೆ ಹೋಗಿ ಕೂತಿದ್ರು, ಮಡಿಲಲ್ಲಿ ಚಪಾತಿ ಪಲ್ಯದ ಸ್ಟೀಲ್ ಡಬ್ಬಿ. ಮಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶನಿವಾರ ರಾತ್ರಿ 9ಕ್ಕೆ ಹೊರಡ್ತಾಳೆ, 17 ಗಂಟೆ ಪ್ರಯಾಣ, ಹಂಗಾದ್ರೆ ಭಾನುವಾರ 2 ಗಂಟೆಗೆ ಬರ್ತಾಳೆ ಅಂತ ಮಾವ ಕೂಡಿಸಿ ಹೇಳಿದ್ದು. ಅವಳು ಇಳಿದಿದ್ದು ಸೋಮವಾರ ಬೆಳಗಿನ ಜಾವ ಮೂರೂವರೆಗೆ. ಇದೇ ತಪ್ಪು ಎಷ್ಟೋ ಮನೆಗಳಲ್ಲಿ ಆಗೋದನ್ನ ನೋಡಿದೀನಿ, ಅದಕ್ಕೇ ಬರೀತಿದೀನಿ.

ಮೊದಲು ದೂರ. ಗೋಡೆ ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಅಳೀಬೇಡಿ, ಭೂಮಿ ಚಪ್ಪಟೆ ಇಲ್ಲ. ಒಂದು ಗ್ಲೋಬು, ಒಂದು ದಾರ ಸಾಕು. ನಮ್ಮನೆ ಗ್ಲೋಬಿನ ಸಮಭಾಜಕ ವೃತ್ತ 94 ಸೆಂಟಿಮೀಟರ್, ನಿಜವಾದ್ದು 40,075 ಕಿಲೋಮೀಟರ್, ಅಂದ್ರೆ 1 ಸೆಂಟಿಮೀಟರಿಗೆ ಸುಮಾರು 426 ಕಿಲೋಮೀಟರ್. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರ ಬಿಗಿಯಾಗಿ ಎಳೆದ್ರೆ ಅದು ಚೀನಾ, ಸೈಬೀರಿಯಾ ಹಾಯ್ದು ಅಲಾಸ್ಕಾ ಕಡೆಯಿಂದ ಇಳಿಯುತ್ತೆ, ಹತ್ತಿರ ಹತ್ತಿರ 33 ಸೆಂಟಿಮೀಟರ್, ಅಂದ್ರೆ ಸುಮಾರು 14,000 ಕಿಲೋಮೀಟರ್. ಫುಟ್‌ಪಾತ್‌ನ ಅಗ್ಗದ ಗ್ಲೋಬ್ ತಗೋಬೇಡಿ, ಎರಡು ಅರ್ಧ ಸೇರೋ ಕಡೆ ದೇಶಗಳೇ ಜರುಗಿರ್ತವೆ.

ಹಾರೋ ಹೊತ್ತಿಗೆ ದೂರಾನ 900ರಿಂದ ಭಾಗಿಸಿ (ವಿಮಾನ ಗಂಟೆಗೆ ಹೋಗೋದು ಸುಮಾರು ಅಷ್ಟು ಕಿಲೋಮೀಟರ್), ಏರೋಕೆ ಇಳಿಯೋಕೆ ಅರ್ಧ ಗಂಟೆ ಸೇರಿಸಿ. 16 ಗಂಟೆ ಬಂತು. ಆದ್ರೆ ವಿಮಾನ ದಾರದ ಹಾಗೆ ನೇರ ಹೋಗಲ್ಲ, ಗಾಳಿ ನೋಡ್ಕೊಂಡು ಸುತ್ತಿ ಹೋಗುತ್ತೆ, ಅದಕ್ಕೆ ಇನ್ನೊಂದು ಗಂಟೆ ಇಟ್ಕೊಳ್ಳಿ. ಮೇಲ್ಗಡೆ ಜೋರುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸೋದ್ರಿಂದ ಲಂಡನ್‌ಗೆ ಹೋಗೋಕಿಂತ ಅಲ್ಲಿಂದ ಬರೋದು ಬೇಗ.

ಈಗ ಎಲ್ರೂ ಎಡವೋ ಜಾಗ. ಟಿಕೆಟ್‌ನಲ್ಲಿ ಹೊರಡೋ ಟೈಮ್ ಆ ಊರಿಂದು, ಇಳಿಯೋ ಟೈಮ್ ಈ ಊರಿಂದು, ಇವೆರಡನ್ನ ನೇರವಾಗಿ ಕೂಡೋದು ಕಳೆಯೋದು ಮಾಡಲೇಬಾರದು. ಮೊದಲು ಎಲ್ಲಾನೂ ನಮ್ಮ ಟೈಮಿಗೆ ತನ್ನಿ, ಮಾವ ಜಾರಿದ್ದು ಅಲ್ಲೇ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ 13 ಗಂಟೆ 30 ನಿಮಿಷ ಹಿಂದೆ, ಹಾಗಾಗಿ ಅಲ್ಲಿ ಶನಿವಾರ ರಾತ್ರಿ 9 ಅಂದ್ರೆ ಇಲ್ಲಿ ಆಗಲೇ ಭಾನುವಾರ ಬೆಳಿಗ್ಗೆ 10:30. ಅದಕ್ಕೆ 17 ಸೇರಿಸಿ, ಸೋಮವಾರ 3:30. ಬರೀ ಗಂಟೆ ಬರೀಬೇಡಿ, ವಾರಾನೂ ಪಕ್ಕದಲ್ಲೇ ಬರೀರಿ. 2021ರಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ತಂದ ಮೊದಲ ಫ್ಲೈಟೂ ಹಂಗೇ, ಜನವರಿ 9ರ ರಾತ್ರಿ ಅಲ್ಲಿ ಹೊರಟು 11ರ ಬೆಳಗಿನ ಜಾವ ಇಲ್ಲಿಳೀತು, ಮಧ್ಯದ 10ನೇ ತಾರೀಖು ಆಕಾಶದಲ್ಲೇ ಕಳೆದುಹೋಯ್ತು.

ಇನ್ನೊಂದು ಕೊಕ್ಕೆ ಇದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದೆ ಇಟ್ಕೋತಾರೆ, ಆಗ ವ್ಯತ್ಯಾಸ 12:30 ಅಷ್ಟೇ. ಲಂಡನ್ ಆದ್ರೆ ಮಾರ್ಚ್ ಕೊನೇ ಭಾನುವಾರದಿಂದ ಅಕ್ಟೋಬರ್ ಕೊನೇ ಭಾನುವಾರದವರೆಗೆ 4:30, ಮಿಕ್ಕ ದಿನ 5:30.

ದುಬೈನಲ್ಲೋ ದೋಹಾದಲ್ಲೋ ಫ್ಲೈಟ್ ಬದಲಾಯಿಸೋದಿದ್ರೆ ಅಲ್ಲಿ ಕಾಯೋ ಹೊತ್ತನ್ನೂ ಸೇರಿಸಿ. ಇಳಿದ ಮೇಲೆ ಇಮಿಗ್ರೇಷನ್ನು, ಲಗೇಜು ಅಂತ ಒಂದು ಗಂಟೆ ಹೋಗೇ ಹೋಗುತ್ತೆ, ಜಯನಗರದಿಂದ ಹೊರಡೋರು ಫ್ಲೈಟ್ ನೆಲ ಮುಟ್ಟೋ ಅರ್ಧ ಗಂಟೆ ಮುಂಚೆ ಕಾರ್ ತೆಗೆದ್ರೂ ಬೆಳಗಿನ ಜಾವದ ಹೊತ್ತಲ್ಲಿ ರೋಡ್ ಖಾಲಿ, ಸಾಕಾಗುತ್ತೆ.