ಮೂರನೇ ಪುಟದಲ್ಲಿ ನಿದ್ದೆ ಬಂತು

ಕತೆ ಬರೆಯಲು ಶುರು ಮಾಡಿ ಎಂಟೊಂಬತ್ತು ವರ್ಷ ಆಗುವವರೆಗೂ ನನಗೆ ಸಿಕ್ಕಿದ್ದು ಒಂದೇ ಮಾತು, ಚೆನ್ನಾಗಿದೆ. ವಾಟ್ಸಾಪಿನಲ್ಲಿ ಕಳಿಸಿದರೆ ಎರಡು ಮುಗಿದ ಕೈ, ಒಂದು ಗುಲಾಬಿ. ಮನೆಯಲ್ಲಿ ಓದಲು ಕೊಟ್ಟರೆ ಅತ್ತೆ ಕನ್ನಡಕ ತೆಗೆದಿಟ್ಟು "ಲಾಯ್ಕಾಯಿದು" ಅನ್ನುತ್ತಿದ್ದರು. ಓದಿದ್ದಾರೋ, ಸುಮ್ನೆ ಹೇಳಿದ್ದಾರೋ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಕೇಳುವ ಮನಸ್ಸೂ ಇರಲಿಲ್ಲ ಅನ್ನಿ.

ಬೇರೆ ಥರದ ಮಾತು ಮೊದಲು ಬಂದದ್ದು ನಮ್ಮೂರಿನ ನಿವೃತ್ತ ಮಾಸ್ಟ್ರಿಂದ. ಬದಿಯಡ್ಕ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವರು ಚೀಲದಿಂದ ನನ್ನ ಕತೆ ತೆಗೆದು ಕೈಗೆ ಕೊಟ್ಟು, "ಮೂರನೇ ಪುಟದಲ್ಲಿ ನನಗೆ ನಿದ್ದೆ ಬಂತು ಮಾರಾಯ್ತಿ" ಅಂದರು. ಅಷ್ಟು ಹೇಳುವಾಗ ಅವರ ಬಸ್ಸು ಬಂತು, ಹತ್ತಿ ಹೋದರು. ಕಾಸರಗೋಡು ಮುಟ್ಟುವವರೆಗೂ ನನ್ನ ಕಿವಿ ಬಿಸಿಯಾಗಿಯೇ ಇತ್ತು. ರಾತ್ರಿ ಊಟ ಆದ ಮೇಲೆ ಆ ಪುಟ ತೆರೆದೆ. ಮದುವೆಗೆ ಬಂದ ನೆಂಟರ ಪಟ್ಟಿ. ಯಾರ ಮಗಳು, ಯಾವ ಮನೆಯ ಸೊಸೆ, ಯಾರಿಗೆ ಯಾರು ಭಾವ, ಪುಟ ತುಂಬ ಅದೇ. ನಾನೇ ಬರೆದದ್ದನ್ನು ನಾನೇ ಹಾರಿಸಿ ಓದುತ್ತಿದ್ದೆ!

ಕತೆ ಒಳ್ಳೆಯದು ಅಂತಲೂ ಅವರು ಹೇಳಿರಲಿಲ್ಲ, ಕೆಟ್ಟದು ಅಂತಲೂ ಇಲ್ಲ. ಓದುವಾಗ ತನಗೆ ಎಲ್ಲಿ ಏನಾಯಿತು ಅಂತ ಹೇಳಿದ್ದರು, ಅಷ್ಟೇ. ಅದಕ್ಕೆ ವಾದ ಮಾಡಲು ಜಾಗವೇ ಇರಲಿಲ್ಲ. ನಿದ್ದೆ ಬಂತು ಅಂದವರ ಹತ್ತಿರ, ಇಲ್ಲ ನಿಮಗೆ ಬಂದಿಲ್ಲ ಅನ್ನಲಿಕ್ಕಾಗುತ್ತದಾ?

ಅವರ ಮನೆಯ ಚಾವಡಿಯಲ್ಲೇ ನಾವು 6 ಜನ ತಿಂಗಳಿಗೊಂದು ಆದಿತ್ಯವಾರ ಸೇರಲು ಶುರು ಮಾಡಿದೆವು. ಒಬ್ಬ ಬಸ್ ಡ್ರೈವರ್, ಇಬ್ಬರು ಟೀಚರು, ಒಬ್ಬ ಅಡಕೆ ಕೃಷಿಕ, ಮಾಸ್ಟ್ರು, ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಾನು. ಒಂದು ಸಲಕ್ಕೆ ಒಬ್ಬರದೇ ಬರಹ. ವಾರದ ಮೊದಲೇ ಪ್ರತಿ ಎಲ್ಲರ ಕೈ ಸೇರಬೇಕು, ಅದೂ ಕಾಗದದಲ್ಲಿ. ಮೊಬೈಲಿನಲ್ಲಿ ಓದಿದರೆ ಪೆನ್ಸಿಲ್ ಗೆರೆ ಎಳೆಯುವುದು ಹೇಗೆ? (ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಫೈಲನ್ನು ಹಾಗೇ ಪ್ರಿಂಟಿನ ಅಂಗಡಿಗೆ ಕೊಡಬೇಡಿ. ಅವರಲ್ಲಿ ಆ ಫಾಂಟ್ ಇಲ್ಲದಿದ್ದರೆ ಹತ್ತು ಪುಟ ಇಂಗ್ಲಿಷ್ ಅಕ್ಷರದ ಗೊಜ್ಜು ಬರುತ್ತದೆ. ಪಿಡಿಎಫ್ ಮಾಡಿ ಕೊಡಿ. ನಾನು ದುಡ್ಡು ಕಳೆದು ಕಲಿತದ್ದು.)

ಮೊದಲ ವರ್ಷ ನಮ್ಮ ಸಭೆ, ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ ಇದೆಯಲ್ಲ, ಆ ತಾಳಮದ್ದಳೆಯ ಹಾಗಾಯಿತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು, ಮಾತಿಗೆ ಮಾತು ಕೊಡುವುದನ್ನು ಚಿಕ್ಕಂದಿನಿಂದ ಕೇಳಿ ಬೆಳೆದವರು. ಭಾಗವತರ ಪದ ಮುಗಿದ ಮೇಲೆ ಪಾತ್ರದ ಮಾತಾಡುವ ಅರ್ಥಧಾರಿ ಬಾಯಿಪಾಠ ಒಪ್ಪಿಸುವುದಿಲ್ಲ, ಎದುರಿನವರ ಮಾತಿನಿಂದಲೇ ಒಂದು ಶಬ್ದ ಹಿಡಿದು ಅಲ್ಲೇ ಎಳೆಯುತ್ತಾನೆ. ಬಾಣ ತಾಗಿ ಬಿದ್ದ ವಾಲಿಯೂ ಮಾತಿನಲ್ಲಿ ಸೋಲುವುದಿಲ್ಲ. ಕೇಳಲಿಕ್ಕೆ ಬಲು ಚೆಂದ. ಆದರೆ ಅದನ್ನೇ ಕತೆಯ ಚರ್ಚೆಗೆ ತಂದರೆ ಕೆಲಸ ಕೆಟ್ಟಿತು. ಒಬ್ಬರು "ಇಲ್ಲಿ ನನಗೆ ತಿಳಿಯಲಿಲ್ಲ" ಅಂದರೆ ಬರೆದವರು ಅರ್ಧ ಗಂಟೆ ಅರ್ಥ ಹೇಳುವುದು, ಅದಕ್ಕೆ ಇವರು ಉತ್ತರ ಕೊಡುವುದು, ಮತ್ತೆ ಅವರು. ಚಾ ತಣಿಯುತ್ತಿತ್ತು. ಎಲ್ಲರೂ ಗೆದ್ದು ಮನೆಗೆ ಹೋಗುತ್ತಿದ್ದೆವು, ಕತೆ ಮಾತ್ರ ಬಂದ ಹಾಗೇ ವಾಪಸು.

ಅದಕ್ಕೆ ನಾನೊಂದು ಕಟ್ಟುಪಾಡು ಹೇಳಿದೆ. ಬರೆದವರು ಬಾಯಿ ಮುಚ್ಚಿ ಕೂತು ಬರೆದುಕೊಳ್ಳಬೇಕು. ಓದಿದವರು ಅಭಿಪ್ರಾಯ ಹೇಳುವ ಮೊದಲು ಕತೆಯನ್ನು ನಾಲ್ಕು ಮಾತಲ್ಲಿ ತಿರುಗಿ ಹೇಳಬೇಕು.

ಈ ತಿರುಗಿ ಹೇಳುವುದು ಮಕ್ಕಳಾಟದ ಹಾಗೆ ಕಾಣುತ್ತದೆ. ನನಗೆ ಇದರಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಿಲ್ಲ. ಒಂದು ಕತೆ ಬರೆದಿದ್ದೆ, ಅಪ್ಪ ಸಾಲ ಮಾಡಿ ನೀರಿಗಾಗಿ ಗುಡ್ಡೆಯಲ್ಲಿ ಸುರಂಗ ತೋಡಿಸುವುದು, ಮಗ ಊರು ಬಿಡುವುದು. ಐವರಲ್ಲಿ ನಾಲ್ವರು ತಿರುಗಿ ಹೇಳುವಾಗ "ಸುರಂಗದಲ್ಲಿ ನೀರು ಸಿಗಲಿಲ್ಲ" ಅಂದರು. ನನ್ನ ತಲೆಯಲ್ಲಿ ನೀರು ಸಿಕ್ಕಿತ್ತು! ನೀರು ಬಂದ ಮೇಲೂ ಮಗ ಹೊರಟ ಅನ್ನುವುದೇ ಕತೆ. ಎರಡನೇ ಪುಟದಲ್ಲಿ ನೀರು ಹರಿಸುವ ಅಡಕೆಮರದ ದಂಬೆಯಲ್ಲಿ ಏನೋ ಸದ್ದಾಯಿತು ಅಂತ ಬರೆದು ಜಾಣತನ ಮಾಡಿದ್ದೆ, ಆ ಸದ್ದು ಯಾರ ಕಿವಿಗೂ ಬಿದ್ದಿರಲಿಲ್ಲ. ಆಮೇಲೆ ಮೂವರು ಕೊನೆ ಸರಿಯಿಲ್ಲ ಅಂದರು, ಮೂರು ಬೇರೆ ಬೇರೆ ಕೊನೆ ಹೇಳಿಕೊಟ್ಟರು. ಒಂದನ್ನೂ ತೆಗೆದುಕೊಳ್ಳಲಿಲ್ಲ. ಎರಡನೇ ಪುಟದಲ್ಲಿ ಒಂದು ಸಾಲು ಸೇರಿಸಿದೆ, ಕೆರೆ ತುಂಬಿತು ಅಂತ. ಕೊನೆಯ ಬಗ್ಗೆ ಮತ್ತೆ ಯಾರೂ ಮಾತೆತ್ತಲಿಲ್ಲ.

ಅದೇ ಕತೆಯನ್ನು ಪತ್ರಿಕೆಗೆ ಕಳಿಸುವ ಮೊದಲು, ಹಿಂದೆ ಸುರಂಗ ತೋಡುತ್ತಿದ್ದ ಒಬ್ಬರಿಗೆ ಓದಿ ಹೇಳಿದೆ. ವಯಸ್ಸಾದವರು, ಮನೆಮಾತು ತುಳು, ಕತೆಗಿತೆ ಓದಿದವರಲ್ಲ. ಸುಮ್ಮನೆ ಕೇಳುತ್ತಿದ್ದವರು ಒಂದು ಕಡೆ ಫಕ್ಕನೆ ನಕ್ಕರು. "ಅಪ್ಪನೂ ಮಗನೂ ಕೈ ಹಿಡಿದುಕೊಂಡು ಪಕ್ಕಪಕ್ಕದಲ್ಲಿ ಒಳಗೆ ಹೋದರು ಅಂತ ಬರೆದಿದ್ದೀರಲ್ಲ ಅಕ್ಕ, ಅಂಥ ಸುರಂಗ ಯಾರು ತೋಡಿದ್ದು?" ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ ಕೊರೆಯುವ ನಮ್ಮ ಸುರಂಗ ಹೆಚ್ಚುಕಮ್ಮಿ 2 ಅಡಿ ಅಗಲ, ಎತ್ತರ ಒಂದಾಳು. ಒಬ್ಬ ಅಗೆದರೆ ಇನ್ನೊಬ್ಬ ಹಿಂದಿನಿಂದ ಮಣ್ಣು ಹೊರಬೇಕು. ಹುಟ್ಟಿದಾಗಿನಿಂದ ಸುರಂಗದ ನೀರು ಕುಡಿದವಳು ನಾನು, ಬರೆಯುವಾಗ ಸಿನಿಮಾದ ಗುಹೆ ಬರೆದಿದ್ದೆ. ಇನ್ನೊಂದು, ಒಳಗಿನ ಮೇಣದಬತ್ತಿ ನಂದಿದ್ದನ್ನು ನಾನು ಮಗನ ದುಃಖಕ್ಕೆ ಹೋಲಿಸಿದ್ದೆ. ಬತ್ತಿ ನಂದಿತೆಂದರೆ ಒಳಗೆ ಗಾಳಿ ಸಾಲದು ಅಂತ ಲೆಕ್ಕ, ಆಗ ದುಃಖಪಡುತ್ತಾ ನಿಲ್ಲುವುದಲ್ಲ, ಹೊರಗೆ ಓಡುವುದು ಅಂದರು. ಉಪಮೆ ಹೋಯಿತು, ಓಡುವ ಒಂದು ದೃಶ್ಯ ಸಿಕ್ಕಿತು. ಈಗ ಯಾವ ಕೆಲಸದ ಬಗ್ಗೆ ಬರೆದರೂ ಆ ಕೆಲಸದವರೊಬ್ಬರಿಗೆ ಓದಿ ಹೇಳದೆ ಕಳಿಸುವುದಿಲ್ಲ.

ಭಾಷೆಯದ್ದು ನಮಗಿರುವ ಬೇರೆಯೇ ತಾಪತ್ರಯ. ಮೈಸೂರಿನ ಗೆಳತಿಗೆ ಒಂದು ಕತೆ ಕಳಿಸಿದ್ದೆ. "ಊಟ ಮಾಡಿ ಹೋಗುವ" ಅನ್ನುವ ಮಾತಿನ ಪಕ್ಕದಲ್ಲಿ ಅವಳು "ವಾಕ್ಯ ಅರ್ಧಕ್ಕೆ ನಿಂತಿದೆ" ಅಂತ ಬರೆದಳು. ನಮ್ಮಲ್ಲಿ ಹೋಗುವ ಅಂದರೆ ಹೋಗೋಣ. ತೋಡು ಅಂದರೆ ಅವಳಿಗೆ ಅಗೆಯುವುದು, ನಮಗೆ ಹರಿಯುವ ನೀರು. ತೋಡು ದಾಟುವ ಸಂಕ, ಮನೆಯೆದುರಿನ ಜಾಲು, ನೀರಿಗೆ ಅಡ್ಡ ಹಾಕುವ ಕಟ್ಟ ಎಲ್ಲದಕ್ಕೂ ಪ್ರಶ್ನೆಚಿಹ್ನೆ. ಮೊದಲ ಸಲ ಹೆದರಿ ಎಲ್ಲ ಬದಲಾಯಿಸಿದೆ, ನನ್ನ ಅಜ್ಜಿ ಟೀವಿ ಧಾರಾವಾಹಿಯವರ ಹಾಗೆ ಮಾತಾಡಲು ಶುರು ಮಾಡಿದಳು. ಎರಡನೇ ಸಲ ಹಟಕ್ಕೆ ಬಿದ್ದು ಒಂದನ್ನೂ ಮುಟ್ಟಲಿಲ್ಲ. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿದ ಊರು ನಮ್ಮದು, ಕನ್ನಡದ ವಿಷಯ ಬಂದರೆ ಎಲ್ಲರಿಗೂ ಸಿಟ್ಟು ಮೂಗಿನ ತುದಿಯಲ್ಲಿ, ಅದರಲ್ಲೂ ಆಚೆಯವರು ನಿಮ್ಮ ಕನ್ನಡ ತಪ್ಪು ಅಂದರೆ ಕೇಳುವುದೇ ಬೇಡ. ಆದರೆ ಅದೇ ಗೆಳತಿ ಇನ್ನೊಂದು ಕಡೆ ಗೆರೆ ಎಳೆದಿದ್ದಳು. "ವಿಲ್ಲೇಜಾಫೀಸಿಗೆ ಅಪೇಕ್ಷೆ ಕೊಟ್ಟ" ಅಂತ ಬರೆದಿದ್ದೆ. "ಯಾವ ಆಸೆ ಕೊಟ್ಟನೇ?" ಅಂತ ಕೇಳಿದಳು. ಮಲಯಾಳದಲ್ಲಿ ಅಪೇಕ್ಷೆ ಅಂದರೆ ಅರ್ಜಿ, ಆಫೀಸಿನ ಫಾರಂ ತುಂಬಿ ತುಂಬಿ ನನ್ನ ಕೈಗೆ ಅದು ಅಂಟಿಕೊಂಡದ್ದು ನನಗೇ ಗೊತ್ತಾಗಿರಲಿಲ್ಲ. ಹಟದಲ್ಲಿ ಅದನ್ನೂ ಉಳಿಸಿಕೊಂಡಿದ್ದೆ ನೋಡಿ. ಈಗ ಅರ್ಜಿ ಅಂತಲೇ ಬರೆಯುತ್ತೇನೆ. ತೋಡು, ಸಂಕ ಬಿಟ್ಟಿಲ್ಲ. "ತೋಡಿನಲ್ಲಿ ಮೊಣಕಾಲವರೆಗೆ ನೀರು, ಸಂಕದ ಅಡಕೆಮರ ಜಾರುತ್ತಿತ್ತು" ಅಂದರೆ ಮೈಸೂರಿನವಳೂ ದಾಟಿ ಬರುತ್ತಾಳೆ.

ತನಗೆ ಇಷ್ಟವಿಲ್ಲದ್ದನ್ನು ತಪ್ಪು ಅನ್ನುವುದು ಮಾಸ್ಟ್ರಿಗೂ ಬಿಟ್ಟಿರಲಿಲ್ಲ. ಡ್ರೈವರ್ ಓದಿದ ಕವನಕ್ಕೆ ಪ್ರಾಸ ಇಲ್ಲ ಅಂತ ಗೊಣಗಿದರು. "ನಮ್ಮ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಪ್ರಾಸ ಬಿಟ್ಟರಲ್ಲ ಮಾಸ್ಟ್ರೇ" ಅಂದ ಅವನು, ಮೌನದ ಕಟ್ಟುಪಾಡು ಮುರಿದು. ಎಲ್ಲರೂ ನಕ್ಕರು, ಮಾಸ್ಟ್ರೂ ನಕ್ಕರು.

ನನ್ನಿಂದ ಆದ ತಪ್ಪಿಗೆ ಯಾರೂ ನಗಲಿಲ್ಲ. ಬಿ.ಎಡ್. ಓದುತ್ತಿದ್ದ ಒಬ್ಬ ಹುಡುಗಿ ನಮ್ಮ ಜೊತೆ ಸೇರಿದಳು. ಮೊದಲ ಕತೆಯೇ ಎಂಡೋಸಲ್ಫಾನಿನದ್ದು, ಹಾಸಿಗೆ ಹಿಡಿದ ಅವಳ ಅಣ್ಣನದ್ದು. ಗೇರು ತೋಟಗಳ ಮೇಲೆ ಆ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಹೊಡೆಯುವುದು 2000ದ ಕೊನೆಗೆ ನಿಂತಿತು, ಮನೆಗಳ ಒಳಗೆ ಅದು ನಿಂತಿಲ್ಲ. ಅದರ ಬಗ್ಗೆ ಕತೆ, ಕವನ, ನಾಟಕ ಓದಿ ನೋಡಿ ನನ್ನ ಮನಸ್ಸು ಮರಗಟ್ಟಿತ್ತು ಅಂತ ಕಾಣುತ್ತದೆ. "ಪೇಪರಿನ ವರದಿ ಥರ ಇದೆ, ಇಂಥದ್ದು ತುಂಬ ಬಂದಾಯಿತು" ಅಂದುಬಿಟ್ಟೆ. ಅವಳು ಏನೂ ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲವಲ್ಲ, ಬರೆದವರು ಬಾಯಿ ಮುಚ್ಚಬೇಕು ಅಂತ ಮಾಡಿದವಳು ನಾನೇ. ಮತ್ತೆ ಆರು ತಿಂಗಳು ಅವಳು ಬರಲಿಲ್ಲ.

ಒಂದು ದಿನ ಹಳೆಯ ಕಾಗದದ ನಡುವೆ ಅವಳ ಪ್ರತಿ ಸಿಕ್ಕಿತು. ಐದನೇ ಪುಟದಲ್ಲಿ ನನ್ನದೇ ಪೆನ್ಸಿಲಿನ ಎರಡು ಗೆರೆ. ಅಮ್ಮ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಡ್ಡ ಬೋಳಿಸುತ್ತಾಳೆ, ಅವನು ನೋಡಿ ಹಾಗೇ ಮಾಡಲಿ ಅಂತ ತಾನೂ ಗಲ್ಲ ಉಬ್ಬಿಸುತ್ತಾಳೆ. ಓದುವಾಗ ಅಲ್ಲಿ ನಿಂತಿದ್ದೆ. ಗೆರೆ ಎಳೆದಿದ್ದೆ. ಸಭೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ! ಆ ಪ್ರತಿ ಹಿಡಿದುಕೊಂಡು ಅವಳ ಮನೆಗೆ ಹೋದೆ. ತಪ್ಪಾಯ್ತು ಅಂದೆ, ಗೆರೆ ತೋರಿಸಿದೆ, ಅವಳಮ್ಮ ಕೊಟ್ಟ ಚಾ ಕುಡಿದು ಬಂದೆ. ಎರಡು ತಿಂಗಳ ಮೇಲೆ ಅವಳು ಹೊಸ ಕತೆ ತಂದಳು. ನಾಲ್ಕೇ ಪುಟ, ಆ ಗಡ್ಡ ಬೋಳಿಸುವ ಬೆಳಗ್ಗೆ ಮಾತ್ರ. ಎಂಡೋಸಲ್ಫಾನ್ ಅನ್ನುವ ಶಬ್ದ ಒಂದು ಕಡೆಯೂ ಇಲ್ಲ.

ಅಲ್ಲಿಂದ ಮೇಲೆ, ಶುರು ಮಾಡುವ ಮೊದಲು ಬರೆದವರು ಒಂದು ಮಾತು ಹೇಳಬಹುದು, ಇವತ್ತು ನನಗೆ ಏನು ಬೇಕು ಅಂತ. ಮೊದಲ ಕರಡು, ಕಾಗುಣಿತ ನೋಡಬೇಡಿ ಅನ್ನಬಹುದು. ಇವತ್ತು ಒಳ್ಳೆಯದನ್ನಷ್ಟೇ ಹೇಳಿ ಅಂತಲೂ ಅನ್ನಬಹುದು. ಇದು ಜಾಸ್ತಿಯಾಯಿತು ಅಂತ ಮಾಸ್ಟ್ರಿಗೆ ಈಗಲೂ ಅಸಮಾಧಾನ ಉಂಟು.

ಈ ತಿಂಗಳು ನನ್ನ ಸರದಿ. ಅಜ್ಜಿ ತೀರಿಹೋದ ಕತೆ ಕೊಟ್ಟಿದ್ದೆ. ಕೊನೆಯ ಪ್ಯಾರಾದ ಪಕ್ಕ ಆ ಹುಡುಗಿ ಸಣ್ಣ ಅಕ್ಷರದಲ್ಲಿ ಬರೆದಿದ್ದಾಳೆ: "ಅಕ್ಕ, ಇಲ್ಲಿ ನನ್ನನ್ನು ಅಳಿಸಲಿಕ್ಕೆ ನೋಡಿದ್ದೀರಿ. ನಾನು ಅಳಲಿಲ್ಲ." ಸಭೆ ಆದ ಮೇಲೆ 15 ದಿನ ನಾನು ಕತೆ ಮುಟ್ಟುವುದಿಲ್ಲ. ಮೊದಲ ವಾರ ಎಲ್ಲರೂ ವೈರಿಗಳ ಹಾಗೆ ಕಾಣುತ್ತಾರೆ, ಎರಡನೇ ವಾರ ಎಲ್ಲರೂ ಹೇಳಿದ್ದು ಸರಿ ಅನಿಸುತ್ತದೆ, ಎರಡೂ ಇಳಿಯಬೇಕು. ಇವತ್ತಿಗೆ ಒಂಬತ್ತು ದಿನ. ಪ್ಯಾರಾ ಇನ್ನೂ ಅಲ್ಲೇ ಇದೆ, ಅದನ್ನು ಉಳಿಸಿಕೊಳ್ಳಲು ಒಂದು ಕಾರಣ ಸಿಗುತ್ತದಾ ಅಂತ ನೋಡುತ್ತಾ ಇದ್ದೇನೆ.